ದುಬೈ ಚಳಿಗಾಲದ ಕುಟುಂಬ ಫೋಟೋ, ಜೊತೆಗೊಂದು ದಾನದ ರಸೀದಿ

ದುಬೈ ಮತ್ತು ಅಬುಧಾಬಿಯಲ್ಲಿ ಕುಟುಂಬದ ಫೋಟೋ ತೆಗೆಸುವುದಕ್ಕೆ, ಮಾವಿನ ಹಣ್ಣಿಗೆ ಇರುವ ಹಾಗೆ, ಒಂದು ಸೀಸನ್ ಇದೆ. ಅಕ್ಟೋಬರ್ ಕೊನೆಗೆ ಶುರುವಾಗಿ ಏಪ್ರಿಲ್ ನಡುವಿಗೆ ಮುಗಿದುಹೋಗುತ್ತದೆ. ಹೊರಾಂಗಣದಲ್ಲಿ ಚಿತ್ರ ತೆಗೆಯುವ ಪೋರ್ಟ್ರೇಟ್ ಫೋಟೋಗ್ರಾಫರ್‌ಗಳು ವರ್ಷದ ಅನ್ನ ದುಡಿದುಕೊಳ್ಳುವುದು ಈ ಐದಾರು ತಿಂಗಳಲ್ಲೇ. ಇದರ ನಡುವೆ ಒಂದೆರಡು ದಿನವನ್ನು ದಾನಕ್ಕೆಂದು ಮೀಸಲಿಟ್ಟು, ಆ ದಿನದ ಶೂಟಿಂಗಿನ ಹಣ ಯಾವುದಾದರೂ ಸೇವಾಸಂಸ್ಥೆಗೆ ಸೇರುವಂತೆ ಮಾಡುವ ಪದ್ಧತಿಯೂ ಇದೆ. ಬ್ರಿಟನ್, ಅಮೆರಿಕದಂಥ ಕಡೆ ಇದು ಸರಳ ವ್ಯವಹಾರ. ಫೋಟೋಗ್ರಾಫರ್ ಹಣ ಪಡೆದು ಸಂಸ್ಥೆಗೆ ಚೆಕ್ ಬರೆದುಕೊಟ್ಟರೆ ಮುಗಿಯಿತು. ಎಮಿರೇಟ್ಸ್‌ನಲ್ಲಿ ಅನುಮತಿಯಿಲ್ಲದೆ ಹಾಗೆ ಮಾಡಿದರೆ ಅದು ಅಪರಾಧ. ಫೋಟೋ ಯಾವಾಗ ತೆಗೆಯಬೇಕೆಂದು ಇಲ್ಲಿ ಬಿಸಿಲು ಹೇಳುತ್ತದೆ. ದಾನದ ಹಣ ಯಾವ ದಾರಿ ಹಿಡಿಯಬೇಕೆಂದು ಕಾನೂನು ಹೇಳುತ್ತದೆ.

ಬಿಸಿಲಿನ ಮಾತು ಮೊದಲು. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಹಗಲಿನ ತಾಪಮಾನ 40 ಡಿಗ್ರಿ ಮೀರುವುದು ವಿಶೇಷವೇನಲ್ಲ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3 ಗಂಟೆಯತನಕ ಕಾರ್ಮಿಕರನ್ನು ಬಿಸಿಲಿನಲ್ಲಿ ದುಡಿಸಬಾರದೆಂದು ಸರ್ಕಾರವೇ ನಿಷೇಧ ಹೇರುತ್ತದೆ. ಸೂರ್ಯ ಮುಳುಗಿದ ಮೇಲಾದರೂ ತಂಪಾದೀತು ಎಂದುಕೊಂಡರೆ ಕಡಲ ಕಡೆಯಿಂದ ಸೆಖೆ ಏರಿ ಬರುತ್ತದೆ. ಮಂಗಳೂರಿನ ಮೇ ತಿಂಗಳು ಕಂಡವರಿಗೂ ಅದು ಹೊಸ ಅನುಭವ. ಐದು ನಿಮಿಷದಲ್ಲಿ ಅಂಗಿ ಬೆನ್ನಿಗೆ ಅಂಟುತ್ತದೆ, ಮಕ್ಕಳು ಅಳು ಶುರುಮಾಡುತ್ತಾರೆ. ಪ್ರಪಂಚವೆಲ್ಲ ಆಗಸ್ಟ್ 19ರಂದು ಛಾಯಾಗ್ರಹಣ ದಿನ ಆಚರಿಸುವಾಗ ಈ ಊರುಗಳ ಫೋಟೋಗ್ರಾಫರ್‌ಗಳು ಎ.ಸಿ. ಹಾಕಿಕೊಂಡು ಒಳಗೆ ಕೂತಿರುತ್ತಾರೆ. ಹಸುಗೂಸುಗಳ ಚಿತ್ರ, ಕಂಪನಿ ಪ್ರೊಫೈಲಿಗೆ ಬೇಕಾಗುವ ಮುಖಚಿತ್ರ, ಮನೆಯೊಳಗಿನ ಸಣ್ಣ ಶೂಟ್ ಇವೇ ಬೇಸಿಗೆಯ ಆಧಾರ.

ಚಳಿಗಾಲ ಬಂತೆಂದರೆ ಚಿತ್ರವೇ ಬೇರೆ. ಜನವರಿಯಲ್ಲಿ ಹಗಲು 24 ಡಿಗ್ರಿಯ ಆಸುಪಾಸು, ಆಕಾಶ ಶುಭ್ರ. ಆದರೆ ದಿನ ಗಿಡ್ಡ. ಜೂನ್ ಕೊನೆಯಲ್ಲಿ ದುಬೈಯಲ್ಲಿ ಸೂರ್ಯ ಮುಳುಗುವುದು ಸಂಜೆ 7.10ರ ಹೊತ್ತಿಗೆ, ಡಿಸೆಂಬರ್ ಮೊದಲ ವಾರದಲ್ಲಿ 5.30ಕ್ಕೇ. ಫೋಟೋಗ್ರಾಫರ್‌ಗಳು ‘ಗೋಲ್ಡನ್ ಅವರ್’ ಎನ್ನುವ ಹೊಂಬಿಸಿಲಿನ ಹೊತ್ತು ಹಾಗಾಗಿ ನಾಲ್ಕರಿಂದ ಐದೂವರೆಯೊಳಗೆ ಬಂದು ಹೋಗುತ್ತದೆ. ವಾರದ ದಿನಗಳಲ್ಲಿ ಆ ಸಮಯಕ್ಕೆ ಅಪ್ಪ ಅಥವಾ ಅಮ್ಮ ಆಫೀಸಿನಲ್ಲಿ ಇರುತ್ತಾರೆ, ಇಲ್ಲವೇ ಶೇಖ್ ಜಾಯೆದ್ ರಸ್ತೆಯ ಟ್ರಾಫಿಕ್ಕಿನಲ್ಲಿ. ಉಳಿಯುವುದು ವಾರಾಂತ್ಯ ಮಾತ್ರ. 2022ರ ಜನವರಿ 1ರಿಂದ ದೇಶದ ವಾರದ ರಜೆ ಶುಕ್ರವಾರ–ಶನಿವಾರದಿಂದ ಶನಿವಾರ–ಭಾನುವಾರಕ್ಕೆ ಬದಲಾಯಿತು, ಶುಕ್ರವಾರ ಸರ್ಕಾರಿ ಕಚೇರಿಗಳಿಗೆ ಅರ್ಧ ದಿನವಾಯಿತು. ಫೋಟೋಗ್ರಾಫರ್‌ಗಳ ಬುಕಿಂಗ್ ಪುಸ್ತಕವೂ ಅದರ ಜೊತೆಗೇ ಒಂದು ದಿನ ಮುಂದಕ್ಕೆ ಸರಿಯಿತು.

ಹಬ್ಬಗಳೂ ಈ ತಿಂಗಳುಗಳಲ್ಲೇ ಸಾಲುಗಟ್ಟಿವೆ. ದೀಪಾವಳಿ, ನವೆಂಬರ್ 1ರ ರಾಜ್ಯೋತ್ಸವ, ಡಿಸೆಂಬರ್ 2ರ ಎಮಿರೇಟ್ಸ್ ರಾಷ್ಟ್ರೀಯ ದಿನ, ಕ್ರಿಸ್‌ಮಸ್, ಹೊಸ ವರ್ಷ. ರಾಷ್ಟ್ರೀಯ ದಿನಕ್ಕೆ ಶಾಲೆ ಮಕ್ಕಳು ಕಂದೂರ ಎಂಬ ಉದ್ದ ನಿಲುವಂಗಿ ತೊಟ್ಟು, ಬಾವುಟದ ಬಣ್ಣದ ಶಾಲು ಹೊದ್ದು ಫೋಟೋಕ್ಕೆ ನಿಲ್ಲುತ್ತಾರೆ. ಅದಕ್ಕೆ ಒಂದು ತಿಂಗಳ ಹಿಂದೆ ಅದೇ ಮಕ್ಕಳು ಹಳದಿ–ಕೆಂಪು ಶಾಲಿನಲ್ಲಿ ರಾಜ್ಯೋತ್ಸವದ ವೇದಿಕೆ ಏರಿರುತ್ತಾರೆ. ಮಂಗಳೂರಿನ ಕೊಂಕಣಿ ಕ್ರೈಸ್ತ ಕುಟುಂಬಗಳಿಗೆ ಕ್ರಿಸ್‌ಮಸ್ ಕಾರ್ಡಿನ ಚಿತ್ರ ನವೆಂಬರ್ ಒಳಗೇ ಆಗಬೇಕು. ಈದ್ ಮಾತ್ರ ಚಾಂದ್ರಮಾನ ಲೆಕ್ಕದ ಹಬ್ಬ, ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ. 2018ರಲ್ಲಿ ಈದುಲ್ ಫಿತ್ರ್ ಜೂನ್ ನಡುವೆ ಬಂದು, ಹೊಸ ಬಟ್ಟೆಯ ಫೋಟೋಗಳೆಲ್ಲ ಮನೆಯೊಳಗೆ, ಮಾಲಿನೊಳಗೆ ಆದವು. 2025ರಲ್ಲಿ ಮಾರ್ಚ್ ಕೊನೆಗೆ ಬಂತು, ಕಡಲತೀರದಲ್ಲಿ ನಿಲ್ಲಲು ಸಾಧ್ಯವಾಯಿತು. ಇನ್ನು ಕೆಲವು ವರ್ಷ ಅದು ಸೀಸನ್ನಿನ ಒಳಗೇ ಇರುತ್ತದೆ. ಭಾರತೀಯ ಪಠ್ಯಕ್ರಮದ ಶಾಲೆಗಳಿಗೆ ಮಾರ್ಚ್‌ನಲ್ಲಿ ಪರೀಕ್ಷೆ, ಏಪ್ರಿಲ್‌ನಲ್ಲಿ ಹೊಸ ತರಗತಿ. ಆ ಕುಟುಂಬಗಳ ಫೋಟೋ ಸೀಸನ್ ಫೆಬ್ರವರಿಗೇ ಮುಗಿದಂತೆ.

ಇಷ್ಟು ಕಡಿಮೆ ಬೆಳಕಿನ ಸಮಯಕ್ಕೆ ಇಷ್ಟೊಂದು ಬೇಡಿಕೆ ಬಂದಾಗ ಹುಟ್ಟಿಕೊಂಡದ್ದು ‘ಮಿನಿ ಸೆಷನ್’. ಪೂರ್ಣ ಶೂಟ್ ಎಂದರೆ ಒಂದು ಒಂದೂವರೆ ಗಂಟೆ, ಎರಡು ಮೂರು ಜಾಗ, ಬಟ್ಟೆ ಬದಲಾವಣೆ. ಮಿನಿ ಎಂದರೆ ಹದಿನೈದರಿಂದ ಮೂವತ್ತು ನಿಮಿಷ, ಒಂದೇ ಜಾಗ, ಒಂದೇ ಬಟ್ಟೆ, ಎಣಿಸಿ ಕೊಡುವ ಹತ್ತು ಹದಿನೈದು ಡಿಜಿಟಲ್ ಚಿತ್ರ. ಫೋಟೋಗ್ರಾಫರ್ ಒಂದು ಕಡೆ ನಿಲ್ಲುತ್ತಾರೆ, ಕುಟುಂಬಗಳು ಸರದಿಯಲ್ಲಿ ಬಂದು ಹೋಗುತ್ತವೆ. ಹಣ ಮುಂಗಡ, ತಡವಾಗಿ ಬಂದವರಿಗೆ ಉಳಿದಷ್ಟೇ ನಿಮಿಷ. ಕೇಳಲು ಒರಟು, ಆದರೆ ಮೂರು ವರ್ಷದ ಮಗು ನಗುತ್ತಾ ನಿಲ್ಲುವುದು ಹೆಚ್ಚೆಂದರೆ ಇಪ್ಪತ್ತು ನಿಮಿಷ. ಅದರಾಚೆ ಬಿಸ್ಕತ್ತಿನ ಲಂಚವೂ ನಡೆಯುವುದಿಲ್ಲ. ಮಿನಿ ಸೆಷನ್ನಿನ ಅವಧಿ ಹೆಚ್ಚುಕಡಿಮೆ ಮಕ್ಕಳೇ ಗೊತ್ತುಮಾಡಿದ್ದು ಎನ್ನಬಹುದು.

ಕೆಲಸದ ಸೂಕ್ಷ್ಮವೆಲ್ಲ ಮರಳು, ತೇವ ಮತ್ತು ಬೆಳಕಿನದು. ಎ.ಸಿ. ಕಾರಿನಿಂದ ಕ್ಯಾಮೆರಾ ಹೊರತೆಗೆದ ತಕ್ಷಣ, ಸೆಖೆಯಿರುವ ದಿನವಾದರೆ, ತಣ್ಣಗಿರುವ ಲೆನ್ಸಿನ ಗಾಜಿನ ಮೇಲೆ ಹಬೆ ಕೂರುತ್ತದೆ. ಒರೆಸಿದಷ್ಟೂ ಮತ್ತೆ ಬರುತ್ತದೆ; ಗಾಜು ಹೊರಗಿನ ಬಿಸಿಗೆ ಹೊಂದಿಕೊಳ್ಳಲು ಹತ್ತು ಹದಿನೈದು ನಿಮಿಷ ಬೇಕು. ಅನುಭವಸ್ಥರು ಚೀಲವನ್ನು ಸೀಟಿನ ಬದಲು ಡಿಕ್ಕಿಯಲ್ಲಿಟ್ಟು ತರುತ್ತಾರೆ, ಇಲ್ಲವೇ ಅರ್ಧ ಗಂಟೆ ಮೊದಲೇ ಬಂದು ಹೊರಗಿಡುತ್ತಾರೆ. ಗಾಳಿಯಲ್ಲಿ ಸಣ್ಣ ಮರಳು ಹಾರುವ ಕಡೆ ಲೆನ್ಸ್ ಬದಲಿಸುವುದೆಂದರೆ ಕ್ಯಾಮೆರಾದ ಹೊಟ್ಟೆಗೆ ದೂಳು ತುಂಬಿದಂತೆ. ಹಾಗಾಗಿ ಎರಡು ಕ್ಯಾಮೆರಾಗಳಿಗೆ ಎರಡು ಲೆನ್ಸ್ ಸಿಕ್ಕಿಸಿಕೊಂಡು ಹೋಗುವುದೇ ವಾಡಿಕೆ. ಆದರೆ ಇದೇ ಮರಳು ಒಂದು ಉಪಕಾರವನ್ನೂ ಮಾಡುತ್ತದೆ. ತಿಳಿ ಬಣ್ಣದ ಮರಳ ಹಾಸು ಬೆಳಕನ್ನು ಕೆಳಗಿನಿಂದ ಮುಖಕ್ಕೆ ಮರಳಿಸಿ, ಕಣ್ಣಿನ ಕೆಳಗಿನ, ಗಲ್ಲದಡಿಯ ನೆರಳನ್ನು ತೆಳುವಾಗಿಸುತ್ತದೆ. ಸ್ಟುಡಿಯೋದಲ್ಲಿ ರಿಫ್ಲೆಕ್ಟರ್ ಹಿಡಿದು ನಿಲ್ಲುವ ಹುಡುಗನ ಕೆಲಸವನ್ನು ಇಲ್ಲಿ ನೆಲವೇ ಮಾಡುತ್ತದೆ.

ಬಟ್ಟೆಯ ವಿಷಯದಲ್ಲಿ ಕನ್ನಡದ ಮನೆಗಳಿಗೆ ಒಂದು ವಿಶೇಷ ತೊಡಕು ಇದೆ. ಮೈಸೂರು ರೇಷ್ಮೆ, ಧರ್ಮಾವರಂ, ಕಾಂಚೀಪುರಂ ಸೀರೆಗಳ ಜರಿ ಅಂಚು ಹೊಂಬಿಸಿಲಿಗೆ ನೇರ ಸಿಕ್ಕರೆ ಚಿತ್ರದಲ್ಲಿ ಅದು ಬರೀ ಬಿಳಿ ಪಟ್ಟಿಯಾಗಿಬಿಡುತ್ತದೆ, ನೇಯ್ಗೆ ಕಾಣುವುದೇ ಇಲ್ಲ. ಸೂರ್ಯನಿಗೆ ಬೆನ್ನು ಮಾಡಿ ನಿಲ್ಲಿಸಿದರೆ ಜರಿಯೂ ಉಳಿಯುತ್ತದೆ, ಯಾರೂ ಕಣ್ಣು ಕಿರಿದುಮಾಡಿಕೊಳ್ಳುವುದೂ ತಪ್ಪುತ್ತದೆ. ಕೂದಲಂಚಿಗೆ ಚಿನ್ನದ ಗೆರೆ ಬರುವುದು ಮೇಲಿನ ಲಾಭ. ಸೆರಗಿಗೆ ಗಾಳಿ ಇನ್ನೊಂದು ಶತ್ರು. ಮುಖ ಗಾಳಿಗೆ ಎದುರಾಗಿದ್ದರೆ ಕೂದಲು ಹಿಂದಕ್ಕೆ ಹಾರುತ್ತದೆ, ಬೆನ್ನಿಗೆ ಗಾಳಿ ಬಿದ್ದರೆ ಮುಖದ ಮೇಲೆಯೇ ಬೀಳುತ್ತದೆ. ಬೆಳಕು ಒಂದು ದಿಕ್ಕು ಕೇಳುತ್ತದೆ, ಗಾಳಿ ಇನ್ನೊಂದು. ಎರಡನ್ನೂ ಸರಿದೂಗಿಸುವ ಜಾಗವನ್ನು ಮೊದಲ ಕುಟುಂಬ ಬರುವುದರೊಳಗೆ ಹುಡುಕಿಕೊಂಡಿರಬೇಕು.

ಜಾಗಗಳಿಗೇನೂ ಬರವಿಲ್ಲ. ದುಬೈಯ ಕಡಲತೀರ ಮಲ್ಪೆ, ಪಣಂಬೂರಿನ ಹಾಗೆ ಸೂರ್ಯಾಸ್ತದ ತೀರ. ಚಳಿಗಾಲದಲ್ಲಿ ಸೂರ್ಯ ನೈಋತ್ಯಕ್ಕೆ ಸರಿಯುವುದರಿಂದ ಕೈಟ್ ಬೀಚಿನಲ್ಲಿ ನಿಂತವರಿಗೆ ಅವನು ಬುರ್ಜ್ ಅಲ್ ಅರಬ್ ಹೋಟೆಲಿನ ಕಡೆಗೇ ಇಳಿಯುತ್ತಾನೆ. 1999ರಲ್ಲಿ ತೆರೆದ, ಹಾಯಿಯ ಆಕಾರದ ಆ 321 ಮೀಟರಿನ ಕಟ್ಟಡ ಸಾವಿರಾರು ಮನೆಗಳ ಗೋಡೆಯ ಫೋಟೋದಲ್ಲಿ ಹಿನ್ನೆಲೆಯಾಗಿ ಕೂತಿದೆ. ಅಲ್ ಫಹೀದಿಯ ಹಳೆ ಬಡಾವಣೆಯಲ್ಲಿ ಗಾಳಿಗೋಪುರದ ಮನೆಗಳ ನಡುವಿನ ಓಣಿ ಕಿರಿದು, ನೆರಳು ಹೆಚ್ಚು. ಹಾಗಾಗಿ ಬೆಳಗ್ಗೆ ಹತ್ತಕ್ಕೂ ಅಲ್ಲಿ ಕೆಲಸ ಸಾಗುತ್ತದೆ. ಅಲ್ ಕುದ್ರಾದ ಮರಳುಗಾಡಿನ ಕೊಳಗಳಿಗೆ ಊರಿನಿಂದ ಮುಕ್ಕಾಲು ಗಂಟೆ ದಾರಿ. ಅಬುಧಾಬಿಯವರಿಗೆ ಕಾರ್ನಿಶ್, ಸಾದಿಯಾತ್ ದ್ವೀಪದ ಬಿಳಿ ಮರಳು, ಜುಬೈಲ್ ದ್ವೀಪದ ಕಾಂಡ್ಲಾ ಕಾಡಿನ ನಡುವೆ ಹಾಯುವ ಮರದ ಸೇತುವೆ. ಕಾಂಡ್ಲಾವನ್ನು ಕುಂದಾಪುರದ ಹಿನ್ನೀರಿನಲ್ಲಿ ಕಂಡವರಿಗೆ ಇದು ಊರನ್ನು ನೆನಪಿಸುತ್ತದೆ, ಉಪ್ಪಿನ ವಾಸನೆಯ ಸಮೇತ.

ಆದರೆ ಬೇಕಾದ ಕಡೆ ಕ್ಯಾಮೆರಾ ಎತ್ತುವಂತಿಲ್ಲ. ಮಿಲಿಟರಿ ಜಾಗ, ಅರಮನೆ, ಸರ್ಕಾರಿ ಕಚೇರಿಗಳ ಚಿತ್ರ ನಿಷಿದ್ಧ. ಪಾರ್ಕು, ಮಾಲು, ಹೋಟೆಲಿನ ಅಂಗಳಗಳಲ್ಲಿ ವೃತ್ತಿಯ ಶೂಟ್‌ಗೆ ಮೊದಲೇ ಅನುಮತಿ ಬೇಕು. ಅಬುಧಾಬಿಯ ಶೇಖ್ ಜಾಯೆದ್ ಮಸೀದಿಯಲ್ಲಿ ಪ್ರವಾಸಿಗಳು ತಮ್ಮ ಫೋಟೋ ತೆಗೆದುಕೊಳ್ಳಬಹುದು, ಆದರೆ ಮಾಡೆಲಿಂಗ್ ಭಂಗಿಗೆ ಅವಕಾಶವಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು 2021ರ 34ನೇ ಸಂಖ್ಯೆಯ ಸೈಬರ್ ಅಪರಾಧ ಕಾನೂನು. ಒಪ್ಪಿಗೆಯಿಲ್ಲದೆ ಇನ್ನೊಬ್ಬರ ಚಿತ್ರ ತೆಗೆದು ಹಂಚಿ ಅವರ ಖಾಸಗಿತನಕ್ಕೆ ಧಕ್ಕೆ ತಂದರೆ ಕನಿಷ್ಠ ಆರು ತಿಂಗಳ ಜೈಲು, ಒಂದೂವರೆ ಲಕ್ಷದಿಂದ ಐದು ಲಕ್ಷ ದಿರ್ಹಂ ದಂಡದವರೆಗೆ ಶಿಕ್ಷೆಗೆ ಅವಕಾಶವಿದೆ. ಬೀಚಿನ ಚಿತ್ರದಲ್ಲಿ ಹಿಂದೆ ನಡೆದುಹೋದ ಅಪರಿಚಿತರನ್ನು ಅಳಿಸುವುದು ಹಾಗಾಗಿ ಇಲ್ಲಿ ಬರೀ ಅಂದದ ಪ್ರಶ್ನೆಯಲ್ಲ.

ಕ್ಯಾಮೆರಾ ಹಿಡಿದವರು ಯಾರು? ದೇಶದ ಜನಸಂಖ್ಯೆಯಲ್ಲಿ ಹತ್ತಕ್ಕೆ ಒಂಬತ್ತರ ಹತ್ತಿರ ಮಂದಿ ಹೊರದೇಶದವರು, ಅವರಲ್ಲಿ ಭಾರತೀಯರೇ 35 ಲಕ್ಷಕ್ಕೂ ಹೆಚ್ಚು. ಛಾಯಾಗ್ರಹಣದ ಇತಿಹಾಸವೂ ವಲಸೆಯದೇ. ಗ್ವಾದರ್‌ನಲ್ಲಿ ಹುಟ್ಟಿ 1958ರಲ್ಲಿ ದುಬೈಗೆ ಬಂದ ನೂರ್ ಅಲಿ ರಶೀದ್ ಅರ್ಧ ಶತಮಾನ ರಾಜಮನೆತನಗಳ ಚಿತ್ರ ತೆಗೆದರು. ಮುಂಬೈಯಿಂದ ಹಡಗಿನಲ್ಲಿ ಬಂದ ರಮೇಶ್ ಶುಕ್ಲಾ 1971ರ ಡಿಸೆಂಬರ್ 2ರಂದು ಒಕ್ಕೂಟದ ಆಳುವವರು ಬಾವುಟದ ಕೆಳಗೆ ನಿಂತ ಚಿತ್ರ ತೆಗೆದರು. ಆ ಒಂದು ಚಿತ್ರ ಇವತ್ತು ದೇಶದ ಹುಟ್ಟಿನ ಗುರುತಾಗಿಬಿಟ್ಟಿದೆ. ಈಗಿನ ಕುಟುಂಬ ಫೋಟೋಗ್ರಾಫರ್‌ಗಳಲ್ಲಿ ಹೆಂಗಸರ ಪಾಲು ದೊಡ್ಡದು. ಗಂಡನ ವೀಸಾದ ಮೇಲೆ ಬಂದು, ಮಕ್ಕಳನ್ನು ಶಾಲೆಗೆ ಬಿಟ್ಟ ಮೇಲೆ ಸಿಗುವ ಸಮಯದಲ್ಲಿ ಈ ವೃತ್ತಿ ಹಿಡಿದವರು ಅನೇಕರು. ಇಲ್ಲಿನ ಅರಬ್ ಮದುವೆಗಳಲ್ಲಿ ಹೆಂಗಸರ ಕಡೆಯ ಚಿತ್ರ ತೆಗೆಯಲು ಹೆಂಗಸರೇ ಬೇಕಾಗುವುದೂ ಒಂದು ಕಾರಣ. ಹವ್ಯಾಸಕ್ಕೆ ತೆಗೆದರೆ ಅಡ್ಡಿಯಿಲ್ಲ, ಒಂದು ದಿರ್ಹಂ ಪಡೆದರೂ ಲೈಸೆನ್ಸ್ ಬೇಕು. ದುಬೈ ಮೀಡಿಯಾ ಸಿಟಿ, ಅಬುಧಾಬಿಯ ಟ್ವೊಫೋರ್54ನಂಥ ವಲಯಗಳು ಫ್ರೀಲಾನ್ಸ್ ಪರವಾನಗಿ ಕೊಡುತ್ತವೆ.

ಪ್ರತಿಯೊಬ್ಬರ ಕೈಯಲ್ಲೂ ಫೋನ್ ಇರುವ ಕಾಲದಲ್ಲಿ ಹಣ ಕೊಟ್ಟು ಫೋಟೋ ತೆಗೆಸುವುದೇಕೆ ಎಂಬುದಕ್ಕೆ ಉತ್ತರ ಗಲ್ಫಿನ ಬದುಕಿನಲ್ಲೇ ಇದೆ. ಫೋನಿನ ಚಿತ್ರದಲ್ಲಿ ಯಾರಾದರೂ ಒಬ್ಬರು ಇರುವುದಿಲ್ಲ. ಹೆಚ್ಚಿನ ಮನೆಗಳಲ್ಲಿ ಅಪ್ಪ. ಉಡುಪಿ, ಭಟ್ಕಳ, ಪುತ್ತೂರು, ಕಾಸರಗೋಡಿನ ಮನೆಗಳ ಹಜಾರದಲ್ಲಿ ಹಿಂದೆ ಗಲ್ಫಿನಿಂದ ಬಂದ ಫೋಟೋಗಳಿಗೆ ಒಂದು ಸ್ಥಾನ ಇತ್ತು. ಏರ್‌ಮೇಲ್ ಕವರಿನಲ್ಲಿ ಕಾಗದದ ಮಡಿಕೆಯೊಳಗೆ ಬರುತ್ತಿದ್ದವು, ಹಿಂಭಾಗದಲ್ಲಿ ತಾರೀಕು ಬರೆದಿರುತ್ತಿತ್ತು. ದೇರಾದ ಯಾವುದೋ ಸ್ಟುಡಿಯೋದಲ್ಲಿ, ಜಲಪಾತದ ಪರದೆಯ ಮುಂದೆ, ಕೈಗಡಿಯಾರ ಕಾಣುವ ಹಾಗೆ ಮೊಣಕೈ ಮಡಿಸಿ ನಿಂತ ಯುವಕನ ಚಿತ್ರ ಅವುಗಳಲ್ಲಿ ಒಂದು ಮಾದರಿ. ಈಗ ಕುಟುಂಬವೇ ಇಲ್ಲಿಗೆ ಬಂದಿದೆ, ಜಲಪಾತದ ಬದಲು ನಿಜವಾದ ಮರಳುದಿಣ್ಣೆ ಹಿಂದಿದೆ. ಬದಲಾಗದೆ ಉಳಿದದ್ದು ಚಿತ್ರ ಹೋಗಿ ಸೇರುವ ವಿಳಾಸ. ಅಜ್ಜ ಅಜ್ಜಿ ನೋಡುವುದು ವಾಟ್ಸ್ಆ್ಯಪ್‌ನಲ್ಲಿ ಬಂದು ಮೇಲೆ ಸರಿದುಹೋಗುವ ನೂರು ಚಿತ್ರಗಳನ್ನಲ್ಲ, ಟಿ.ವಿ. ಪಕ್ಕದಲ್ಲಿ ಚೌಕಟ್ಟಿನೊಳಗಿರುವ ಒಂದನ್ನು. ವೀಸಾ ಇರುವವರೆಗಷ್ಟೇ ಇರುವ ಊರಿನಲ್ಲಿ, ಮಗು ಹುಟ್ಟಿ ಬೆಳೆದ ಜಾಗದ ಸಾಕ್ಷಿಯೂ ಅದೇ.

ಇನ್ನು ದಾನದ ಮಾತು. ಪಶ್ಚಿಮದ ಫೋಟೋಗ್ರಾಫರ್‌ಗಳಲ್ಲಿ ಚಾರಿಟಿ ಮಿನಿ ಸೆಷನ್ ಹಳೆಯ ರೂಢಿ. ಕ್ರಿಸ್‌ಮಸ್ ಮುಂಚಿನ ಒಂದು ಶನಿವಾರ, ನಿಗದಿತ ಶುಲ್ಕ, ಪೂರ್ತಿ ಹಣ ಆಸ್ಪತ್ರೆಗೋ ಅನಾಥಾಲಯಕ್ಕೋ. ಎಮಿರೇಟ್ಸ್‌ನಲ್ಲಿ ಇದಕ್ಕೆ ಎದುರಾಗುವುದು ಎರಡು ಕಾನೂನು. ದುಬೈಯ 2015ರ 9ನೇ ಸಂಖ್ಯೆಯ ಆದೇಶದಂತೆ ಅಲ್ಲಿನ ಇಸ್ಲಾಮಿಕ್ ವ್ಯವಹಾರ ಮತ್ತು ದತ್ತಿ ಚಟುವಟಿಕೆಗಳ ಇಲಾಖೆಯ ಲಿಖಿತ ಅನುಮತಿಯಿಲ್ಲದೆ ದೇಣಿಗೆ ಎತ್ತುವಂತಿಲ್ಲ, ಎತ್ತುವುದಾಗಿ ಜಾಹೀರಾತು ಮಾಡುವಂತೆಯೂ ಇಲ್ಲ. ಮೀರಿದರೆ ಒಂದು ತಿಂಗಳಿಂದ ಒಂದು ವರ್ಷದ ಜೈಲು, 1,00,000 ದಿರ್ಹಂವರೆಗೆ ದಂಡ. 2021ರ 3ನೇ ಸಂಖ್ಯೆಯ ಒಕ್ಕೂಟ ಕಾನೂನು ಇಡೀ ದೇಶಕ್ಕೆ ಇದನ್ನೇ ಇನ್ನೂ ಬಿಗಿಯಾಗಿ ಹೇಳುತ್ತದೆ: ಪರವಾನಗಿ ಪಡೆದ ಸಂಸ್ಥೆಗಳಷ್ಟೇ ಸಾರ್ವಜನಿಕರಿಂದ ದೇಣಿಗೆ ಸಂಗ್ರಹಿಸಬಹುದು, ವ್ಯಕ್ತಿಗಳು ಸಂಗ್ರಹಿಸುವಂತಿಲ್ಲ. ದಾನದ ಹೆಸರಿನಲ್ಲಿ ನಡೆಯುವ ಮೋಸ ಮತ್ತು ಭಯೋತ್ಪಾದನೆಗೆ ಹಣ ಹರಿಯುವುದು, ಎರಡನ್ನೂ ತಡೆಯುವ ಉದ್ದೇಶ ಇದರ ಹಿಂದಿದೆ. ಪರಿಣಾಮವಾಗಿ, ‘ಈ ಶನಿವಾರದ ಶೂಟಿನ ಹಣವೆಲ್ಲ ಊರಿನ ಶಾಲೆಗೆ’ ಎಂದು ಇನ್‌ಸ್ಟಾಗ್ರಾಂನಲ್ಲಿ ಬರೆದ ಒಂದು ಸಾಲೇ, ಒಳ್ಳೆಯ ಮನಸ್ಸಿನಿಂದ ಬರೆದದ್ದಾದರೂ, ತೊಂದರೆಗೆ ದಾರಿ.

ಕನ್ನಡಿಗರಿಗೆ ಈ ಕಾನೂನಿನ ಬಿಸಿ ಗೊತ್ತಿಲ್ಲದ್ದಲ್ಲ. 2018ರ ಆಗಸ್ಟ್‌ನಲ್ಲಿ ಕೇರಳದಲ್ಲಿ ಪ್ರವಾಹ ಬಂದಾಗ, ಕೊಡಗಿನಲ್ಲಿ ಗುಡ್ಡಗಳು ಕುಸಿದಾಗ, ಗಲ್ಫಿನಲ್ಲಿದ್ದವರಿಗೆ ತಕ್ಷಣ ಹಣ ಕೂಡಿಸಿ ಕಳಿಸುವ ಆತುರ ಇತ್ತು. ಕೇರಳದ ನೆರವಿಗೆ ಎಮಿರೇಟ್ಸ್ ರೆಡ್ ಕ್ರೆಸೆಂಟ್ ಮುಂದೆ ನಿಂತು ದೇಣಿಗೆ ಸ್ವೀಕರಿಸಿತು. ಬಿಡಿಯಾಗಿ ಹುಂಡಿ ಹಿಡಿಯುವುದಕ್ಕೆ ಅವಕಾಶ ಇರಲಿಲ್ಲ. ದುಬೈ, ಅಬುಧಾಬಿ, ಶಾರ್ಜಾಗಳ ಕನ್ನಡ, ತುಳು, ಬ್ಯಾರಿ, ಕೊಂಕಣಿ ಸಂಘಟನೆಗಳ ಕಾರ್ಯಕ್ರಮಪಟ್ಟಿಯಲ್ಲಿ ರಕ್ತದಾನ ಶಿಬಿರ ಅಷ್ಟೊಂದು ಸಲ ಕಾಣುವುದಕ್ಕೆ ಇದೂ ಒಂದು ಕಾರಣ ಇರಬೇಕು. ರಕ್ತ ಕೊಡುವುದರಲ್ಲಿ ಹಣದ ಪ್ರಶ್ನೆಯೇ ಇಲ್ಲ, ಪಡೆಯುವುದು ಸರ್ಕಾರಿ ಆಸ್ಪತ್ರೆ.

ಹಾಗಾದರೆ ಫೋಟೋಗ್ರಾಫರ್ ಏನು ಮಾಡಬಹುದು? ಮೊದಲ ದಾರಿ, ಪರವಾನಗಿ ಇರುವ ಸಂಸ್ಥೆಯ ಜೊತೆ ಮೊದಲೇ ಕೂತು ಲಿಖಿತ ಒಪ್ಪಂದ ಮಾಡಿಕೊಳ್ಳುವುದು. ಅಂಥ ಸಂಸ್ಥೆಗಳಿಗೆ ಕೊರತೆಯಿಲ್ಲ: 1983ರಲ್ಲಿ ಸ್ಥಾಪನೆಯಾದ ಎಮಿರೇಟ್ಸ್ ರೆಡ್ ಕ್ರೆಸೆಂಟ್, ಬಡದೇಶಗಳ ಮಕ್ಕಳ ಶಿಕ್ಷಣಕ್ಕೆಂದು 2007ರಲ್ಲಿ ಆರಂಭವಾದ ದುಬೈ ಕೇರ್ಸ್, ವೈದ್ಯಕೀಯ ನೆರವಿನ ಅಲ್ ಜಲೀಲಾ ಫೌಂಡೇಶನ್, ವಿಶೇಷ ಅಗತ್ಯದ ಮಕ್ಕಳಿಗಾಗಿ 1981ರಿಂದ ದುಬೈಯಲ್ಲಿರುವ ಅಲ್ ನೂರ್ ಕೇಂದ್ರ. ಅಬುಧಾಬಿಯಲ್ಲಿ ಸಾಮಾಜಿಕ ಕೊಡುಗೆಗಳಿಗೆ ಅಧಿಕೃತ ಬಾಗಿಲಾಗಿ 2019ರಲ್ಲಿ ‘ಮಆನ್’ ಪ್ರಾಧಿಕಾರ ಬಂತು. ಒಪ್ಪಂದವಾದರೆ ಅನುಮತಿ ತರುವುದು ಸಂಸ್ಥೆಯ ಕೆಲಸ. ಕುಟುಂಬ ನೇರವಾಗಿ ಸಂಸ್ಥೆಗೇ ಹಣ ಕಟ್ಟುತ್ತದೆ, ಸಂಸ್ಥೆಯ ರಸೀದಿ ತೋರಿಸಿ ಸಮಯ ಗೊತ್ತುಮಾಡಿಕೊಳ್ಳುತ್ತದೆ. ಫೋಟೋಗ್ರಾಫರ್ ಕೈಗೆ ಒಂದು ದಿರ್ಹಮೂ ಬರುವುದಿಲ್ಲ. ಎರಡನೆಯದು, ಸಂಸ್ಥೆಯೇ ಅನುಮತಿ ಪಡೆದು ನಡೆಸುವ ಸಂತೋಷಕೂಟದ ಹರಾಜಿಗೆ ಒಂದು ಶೂಟನ್ನು ಕೊಡುಗೆಯಾಗಿ ಕೊಡುವುದು. ಮೂರನೆಯದು ಎಲ್ಲಕ್ಕಿಂತ ಸಲೀಸು: ಎಂದಿನಂತೆ ದುಡಿದು, ಯಾರಿಗೂ ಸಾರದೆ, ಸ್ವಂತ ಹಣವನ್ನು ಪರವಾನಗಿಯುಳ್ಳ ಸಂಸ್ಥೆಗೆ ಕೊಟ್ಟುಬಿಡುವುದು. ತನ್ನ ಹಣ ಕೊಡಲು ಯಾರ ಅಪ್ಪಣೆಯೂ ಬೇಡ. ಇನ್ನೊಬ್ಬರ ಹಣ ಕೇಳಲು ಬೇಕು.

ಮೊತ್ತ ಎಷ್ಟಾದೀತು ಎಂಬುದನ್ನೂ ಬೆಳಕೇ ಗೊತ್ತುಮಾಡುತ್ತದೆ. ಡಿಸೆಂಬರ್ ಸಂಜೆಯ ತೊಂಬತ್ತು ನಿಮಿಷದಲ್ಲಿ ಇಪ್ಪತ್ತು ನಿಮಿಷದ ನಾಲ್ಕು ಸರದಿ ಹಿಡಿಯುತ್ತವೆ. ಏಳಕ್ಕೆ ಸೂರ್ಯ ಹುಟ್ಟಿದ ಮೇಲೆ ಬೆಳಗ್ಗೆ ಇನ್ನು ನಾಲ್ಕು. ದಿನಕ್ಕೆ ಎಂಟು ಕುಟುಂಬ. ಉದಾಹರಣೆಗೆ ಒಂದಕ್ಕೆ 500 ದಿರ್ಹಂ ಎಂದು ಹಿಡಿದರೆ ದಿನಕ್ಕೆ 4,000, ವಾರಾಂತ್ಯಕ್ಕೆ 8,000. ಚಿತ್ರಗಳನ್ನು ಆರಿಸಿ, ಬಣ್ಣ ತಿದ್ದಿ ಕೊಡಲು ಮತ್ತೆ ಮೂರು ನಾಲ್ಕು ದಿನದ ಕೆಲಸ, ಅದಕ್ಕೆ ಕೂಲಿ ಇಲ್ಲ. ದೊಡ್ಡ ಕಂಪನಿಯ ಒಂದು ಚೆಕ್ಕಿನ ಮುಂದೆ ಇದು ಚಿಲ್ಲರೆ. ಆದರೂ ಕುಟುಂಬದ ಎಣಿಕೆಯಲ್ಲಿ ಇದು ಎರಡು ಕೆಲಸ ಒಟ್ಟಿಗೆ ಆದಂತೆ: ಹೇಗೂ ತೆಗೆಸಬೇಕಿದ್ದ ಫೋಟೋ, ಹೇಗೂ ಕೊಡಬೇಕೆಂದಿದ್ದ ಹಣ.

ಹಣದ ಸೋಂಕೇ ಇಲ್ಲದ ಇನ್ನೊಂದು ಬಗೆಯ ದಾನವೂ ಈ ವೃತ್ತಿಯಲ್ಲಿದೆ. ಅಮೆರಿಕದ ನ್ಯಾಶ್‌ವಿಲ್‌ನ ಫೋಟೋಗ್ರಾಫರ್ ಜೆರೆಮಿ ಕೌವರ್ಟ್ 2009ರಲ್ಲಿ ‘ಹೆಲ್ಪ್ ಪೋರ್ಟ್ರೇಟ್’ ಎಂಬ ಚಳವಳಿ ಶುರುಮಾಡಿದರು. ಡಿಸೆಂಬರಿನ ಒಂದು ದಿನ ಫೋಟೋ ತೆಗೆಸಿಕೊಳ್ಳುವ ಅನುಕೂಲವಿಲ್ಲದವರನ್ನು ಕರೆದು, ತಲೆ ಬಾಚಿ, ಚಿತ್ರ ತೆಗೆದು, ಅಚ್ಚು ಹಾಕಿ ಅವರ ಕೈಗೇ ಕೊಡುವುದು; ಆ ಚಿತ್ರ ಫೋಟೋಗ್ರಾಫರ್‌ನ ಪ್ರಚಾರಕ್ಕಲ್ಲ ಎಂಬುದೇ ಅದರ ಮುಖ್ಯ ನಿಯಮ. ಎಮಿರೇಟ್ಸ್‌ಗೆ ಇದಕ್ಕಿಂತ ಹೊಂದುವ ಸೇವೆ ಇನ್ನೊಂದಿಲ್ಲ. ಕಾರ್ಮಿಕರ ವಸತಿಗಳಲ್ಲಿ ಒಂದು ಕೋಣೆಗೆ ಹಲವರಂತೆ ಇರುವ ಗಂಡಸರ ಹತ್ತಿರ ಪಾಸ್‌ಪೋರ್ಟ್ ಸೈಜಿನದ್ದು ಬಿಟ್ಟರೆ ತಮ್ಮದೊಂದು ಒಳ್ಳೆಯ ಚಿತ್ರ ಇರುವುದು ಅಪರೂಪ. ಎರಡು ವರ್ಷಕ್ಕೊಮ್ಮೆ ಊರಿಗೆ ಹೋಗುವ ಗಂಡಸಿಗೆ ಇಸ್ತ್ರಿ ಅಂಗಿ ತೊಡಿಸಿ ತೆಗೆದ ಆರು–ಎಂಟು ಇಂಚಿನ ಪ್ರಿಂಟು ಸಣ್ಣದೇನಲ್ಲ. ವಸತಿಯ ಆಡಳಿತದ ಒಪ್ಪಿಗೆ, ತೆಗೆಸಿಕೊಳ್ಳುವವರ ಒಪ್ಪಿಗೆ ಎರಡೂ ಇಲ್ಲಿ ಕಡ್ಡಾಯ.

ವಿಶೇಷ ಅಗತ್ಯದ ಮಕ್ಕಳ ಕುಟುಂಬಗಳಿಗೆ ಮೀಸಲಿಡುವ ಸೆಷನ್‌ಗಳೂ ಇದೇ ಜಾತಿಯವು. ಈ ಮಕ್ಕಳನ್ನು, ದೊಡ್ಡವರನ್ನು ದೇಶದಲ್ಲಿ 2017ರಿಂದ ‘ದೃಢಸಂಕಲ್ಪದ ಜನ’ ಎಂಬ ಅರ್ಥದ ಹೆಸರಿನಿಂದ ಕರೆಯಲಾಗುತ್ತದೆ. ಇವರಿಗೆ ಇಪ್ಪತ್ತು ನಿಮಿಷದ ಸರದಿ ನಡೆಯುವುದಿಲ್ಲ. ಫ್ಲ್ಯಾಷ್ ಬೇಡ, ಗದ್ದಲದ ಬೀಚ್ ಬೇಡ, ಕ್ಯಾಮೆರಾ ನೋಡು ಎನ್ನುವ ಒತ್ತಾಯ ಬೇಡ. ಮಗು ತನ್ನ ಪಾಡಿಗೆ ಮರಳಿನಲ್ಲಿ ಕೂತು ಕೈಯಲ್ಲಿ ಮರಳು ಸುರಿಯುತ್ತಿರುವಾಗ ಅಪ್ಪ ಅಮ್ಮ ಪಕ್ಕದಲ್ಲಿ ಕೂತರೆ ಅದೇ ಚಿತ್ರ. ಇಂಥ ಚಿತ್ರಗಳು ಸಂಸ್ಥೆಯ ಪೋಸ್ಟರಿಗೆ ಹೋಗಬೇಕೇ ಬೇಡವೇ ಎಂಬುದು ಹೆತ್ತವರ ತೀರ್ಮಾನ. ಮಕ್ಕಳ ಹಕ್ಕಿನ ‘ವದೀಮಾ ಕಾನೂನು’ 2016ರಲ್ಲಿ ಬಂದ ಮೇಲೆ ಮಗುವಿನ ಖಾಸಗಿತನಕ್ಕೆ ಕಾನೂನಿನ ಬೆಂಬಲವೂ ಇದೆ. ಕರುಣೆ ಹುಟ್ಟಿಸುವ ಮುಖ ತೋರಿಸಿ ಹಣ ಎತ್ತುವ ಹಳೆಯ ಪದ್ಧತಿಗೆ ಇಲ್ಲಿ ಅವಕಾಶ ಕಡಿಮೆ, ಅದು ಒಳ್ಳೆಯದೇ.

ಏಪ್ರಿಲ್ ನಡುವಿಗೆ ಬಿಸಿಲು ಬಲಿಯುತ್ತದೆ, ಹೊರಗಿನ ಕೆಲಸ ನಿಲ್ಲುತ್ತದೆ. ಉಳಿದ ಆಲ್ಬಮ್‌ಗಳ ಕೆಲಸ ಮೇ ತಿಂಗಳಲ್ಲಿ ಮುಗಿಯುತ್ತದೆ. ಜುಲೈಯಲ್ಲಿ ಶಾಲೆಗೆ ರಜೆ ಸಿಕ್ಕಿ ಮಂಗಳೂರು, ಬೆಂಗಳೂರಿನ ವಿಮಾನ ಹತ್ತುವವರ ಸೂಟ್‌ಕೇಸಿನಲ್ಲಿ, ಖರ್ಜೂರದ ಡಬ್ಬಿ ಮತ್ತು ಹಾಲಿನ ಪುಡಿಯ ನಡುವೆ, ಗಾಜು ಒಡೆಯದಂತೆ ಟವೆಲ್ ಸುತ್ತಿದ ಚೌಕಟ್ಟು ಸೇರುತ್ತದೆ. ಆಗಸ್ಟ್ ಕೊನೆಗೆ ಅವರು ಮರಳಿ ಬರುವ ಹೊತ್ತಿಗೆ ಮುಂದಿನ ಸೀಸನ್ನಿನ ಬುಕಿಂಗ್ ತೆರೆದಿರುತ್ತದೆ.